ಹಣಮವ್ವನ ಕುರಿ, ಮಾದೇವಿಯ ಕುರಿ

ಅಪ್ಪ ಎರಡೂ ಅಚ್ಚುಗಳನ್ನು ಟೇಬಲ್ಲಿನ ಮೇಲೆ ಅಕ್ಕಪಕ್ಕ ಇಟ್ಟು, ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತ ನಿಂತ. ಒಂದು ಮಾದೇವಿ ಮಾಡಿದ ಕುರಿಯ ಮುಖ, ಇನ್ನೊಂದು ಹಣಮವ್ವ ಮಾಡಿದ ಕುರಿಯ ಮುಖ. ಮಾದೇವಿ ಅಚ್ಚುಗಳನ್ನು ನೋಡಲೇ ಇಲ್ಲ, ಅಪ್ಪನ ಕಣ್ಣುಗಳನ್ನೇ ನೋಡುತ್ತಿದ್ದಳು. ಆ ಕಣ್ಣುಗಳು ಅವಳ ಕುರಿಯ ಮೇಲೆ ಒಂದು ಗಳಿಗೆ ನಿಂತವು. ಆಮೇಲೆ ಹಣಮವ್ವನ ಕುರಿಯ ಕಡೆ ಹೋದವು, ಅಲ್ಲಿಂದ ಏಳಲೇ ಇಲ್ಲ.

“ಇದನ್ನ ಹಾಕೂಣು,” ಅಂದ ಅಪ್ಪ.

ಯಾವುದನ್ನು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಮಾದೇವಿಯ ಹೊಟ್ಟೆಯೊಳಗೆ ಚುರ್ ಎಂದಿತು.

ಶುಕ್ರವಾರ ಶಾಲೆಯ ವಾರ್ಷಿಕ ಗ್ಯಾದರಿಂಗ್. ಐದನೆಯ ತರಗತಿಯವರದು ಕುರಿಗಳ ನಾಟಕ. ಹದಿಮೂರು ಮಕ್ಕಳು ಕುರಿಗಳು. ನಾಟಕ ಕಲಿಸುತ್ತಿದ್ದ ಲಗಮಣ್ಣ ಮಾಸ್ತರರು ಮುಖವಾಡ ಬೇಕು ಎಂದಾಗ ಇಡೀ ಕ್ಲಾಸು ತಿರುಗಿ ಮಾದೇವಿಯನ್ನು ನೋಡಿತ್ತು. ಯಾಕೆಂದರೆ ಮುಖವಾಡ ಮಾಡುವುದೇ ಅವಳ ಅಪ್ಪ ಗಿರಮಲ್ಲಪ್ಪನ ಕೆಲಸ. ಬನಹಟ್ಟಿಯಲ್ಲಿ ಮಗ್ಗದ ಸದ್ದು ಕೇಳದ ಓಣಿ ಇಲ್ಲ. ಅಂಥ ಒಂದು ಓಣಿಯ ತುದಿಯ ಶೆಡ್ಡಿನಲ್ಲಿ ಐದು ಜನ ಕೂಡಿ ಒಂದು ಮಷೀನು ಹಾಕಿದ್ದರು. ಇಚಲಕರಂಜಿಯಿಂದ ತಂದ ಹಳೆಯ ಮಷೀನು ಅದು. ಪ್ಲಾಸ್ಟಿಕ್ ಶೀಟನ್ನು ಕಾಸಿ ಅಚ್ಚಿನ ಮೇಲೆ ಎಳೆದರೆ ಶೀಟು ಅಚ್ಚಿನ ರೂಪ ತಾಳುತ್ತದೆ. ಐವರಿಗೂ ಪಾಳಿ ಇತ್ತು. ಬುಧವಾರ ಮಧ್ಯಾಹ್ನ ಹನ್ನೆರಡರವರೆಗೆ ಗಿರಮಲ್ಲಪ್ಪನ ಪಾಳಿ. ಅದಾದ ಮೇಲೆ ಪೇಢೆ ಬಾಕ್ಸಿನ ಟ್ರೇ ಮಾಡುವ ಮಹಾಲಿಂಗಪ್ಪನದು.

ಅಪ್ಪನ ಬಳಿ ಮಂಗ್ಯಾನ ಅಚ್ಚು ಇತ್ತು, ಸಿಂಹದ್ದು ಇತ್ತು, ಜೋಕರಿನದೂ ಇತ್ತು. ಕುರಿಯದು ಮಾತ್ರ ಇರಲಿಲ್ಲ. ಇಬ್ಬರೂ ಮಣ್ಣಿನಲ್ಲಿ ಒಂದೊಂದು ಮುಖ ಮಾಡಿರಿ, ಚಲೋ ಆಗಿದ್ದನ್ನು ಹಾಕೋಣ ಎಂದು ಹೇಳಿ, ಎರಡಕ್ಕೂ ಅವನೇ ಪ್ಲಾಸ್ಟರಿನ ಅಚ್ಚು ಮಾಡಿಕೊಟ್ಟಿದ್ದ.

ಹಣಮವ್ವ ಸೋದರತ್ತೆಯ ಮಗಳು. ಬೀಳಗಿ ಕಡೆಯ ಅನಗವಾಡಿಯವಳು. ಅವಳ ಅಪ್ಪ ಕುರಿಗಳನ್ನೆಲ್ಲ ಮಾರಿ ಸಕ್ಕರೆ ಫ್ಯಾಕ್ಟರಿಯಲ್ಲಿ ವಾಚಮನ್ ಆಗಿದ್ದ. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಕೋಲಿ, ಅದರಲ್ಲಿ ಆರು ಜನ. ಹಾಗಾಗಿ ಜೂನ್ ತಿಂಗಳಲ್ಲಿ ಹಣಮವ್ವ ಒಂದು ಟ್ರಂಕು ಹಿಡಿದು ಮಾಮಾನ ಮನೆಗೆ ಬಂದಳು. ಮಾದೇವಿಯ ಕ್ಲಾಸಿನಲ್ಲಿ, ಮಾದೇವಿಯ ಬೆಂಚಿನಲ್ಲಿಯೇ ಕೂತಳು.

ಬೆಂಚು ಹೋದರೆ ಹೋಗಲಿ. ಹಾಸಿಗೆಯಲ್ಲಿ ಅರ್ಧ ಹೋದರೂ ಹೋಗಲಿ. ಮಾದೇವಿಗೆ ಸಹಿಸಲು ಆಗದ ಸಂಗತಿ ಬೇರೆಯೇ ಇತ್ತು. ಅಪ್ಪ ಮಾತು ಕಡಿಮೆಯ ಮನುಷ್ಯ. ಮನೆಗೆ ಬಂದರೆ ಊಟ, ರೇಡಿಯೋ, ನಿದ್ದೆ. ಹಣಮವ್ವ ಬಂದ ಮೇಲೆ ಅವನ ಬಾಯಿಗೆ ಬೀಗವೇ ಇಲ್ಲ. ಕುರಿಗೆ ಕೆಮ್ಮು ಬಂದರೆ ಏನು ಕುಡಿಸಬೇಕು, ಮಳೆಗಾಲದಲ್ಲಿ ಗೊರಸು ಹೇಗೆ ನೋಡಬೇಕು ಎಂದು ಇಬ್ಬರೂ ತಾಸುಗಟ್ಟಲೆ ಮಾತಾಡುತ್ತಿದ್ದರು. ಅಪ್ಪ ಹುಡುಗನಾಗಿದ್ದಾಗ ಕುರಿ ಕಾಯ್ದಿದ್ದನಂತೆ. ಇದು ಮಾದೇವಿಗೆ ಗೊತ್ತೇ ಇರಲಿಲ್ಲ. ತನ್ನ ಅಪ್ಪನ ಸುದ್ದಿಯನ್ನು ತಾನು ಹಣಮವ್ವನ ಬಾಯಿಂದ ಕೇಳಬೇಕಾಯಿತಲ್ಲ ಎಂದು ಅವಳಿಗೆ ಅಳುವೇ ಬಂದಿತ್ತು.

ಈಗ ಈ ಅಚ್ಚು. ಮಾದೇವಿ ತನ್ನ ಕುರಿಯನ್ನು ಪುಸ್ತಕದ ಚಿತ್ರ ನೋಡಿ ಮಾಡಿದ್ದಳು. ದುಂಡು ಮುಖ, ಎದುರಿಗೆ ಎರಡು ದೊಡ್ಡ ಕಣ್ಣು, ನಗುವ ಬಾಯಿ. ಹಣಮವ್ವನದಕ್ಕೆ ಉದ್ದ ಮೂತಿ, ಉಬ್ಬಿದ ಮೂಗು, ಕೆನ್ನೆಗೆ ಜೋತುಬಿದ್ದ ಕಿವಿ. ಎಡಕಿವಿಯ ತುದಿಯಲ್ಲಿ ಒಂದು ಸಣ್ಣ ಕಚ್ಚು.

“ಅಯ್ಯ, ಕಿವಿ ಹರದೈತಿ,” ಎಂದು ಮಾದೇವಿ ಮೂಗು ಮುರಿದಳು.

“ಹರದಿಲ್ಲ ಬೇ, ಅದು ನಮ್ಮ ಹಿಂಡಿನ ಗುರ್ತ,” ಅಂದಳು ಹಣಮವ್ವ.

ಅಪ್ಪ ನಕ್ಕ. ತಮ್ಮ ಹಿಂಡಿಗೆ ಬಲಕಿವಿಯಲ್ಲಿ ಎರಡು ಕಚ್ಚು ಇರುತ್ತಿದ್ದವು ಎಂದು ಹೇಳಿದ. ಮತ್ತೆ ಶುರುವಾಯಿತು ಅವರಿಬ್ಬರ ಕುರಿ ಪುರಾಣ. ಮಾದೇವಿ ಮುಖ ಊದಿಸಿಕೊಂಡು ಗೋಡೆಗೆ ಆತು ನಿಂತಳು. ಅವಳು ಅಲ್ಲಿ ಇದ್ದರೂ ಒಂದೇ, ಇರದಿದ್ದರೂ ಒಂದೇ.

ಒಂದು ಒಡೆದರೆ ಇನ್ನೊಂದು ಇರಲಿ ಎಂದು ಅಪ್ಪ ಸಣ್ಣ ಡ್ರಿಲ್ಲಿನಿಂದ ಎರಡೂ ಅಚ್ಚುಗಳಿಗೆ ತೂತು ಹಾಕಿದ. ಮೂಗಿನ ಮಗ್ಗುಲಿಗೆ, ಕಣ್ಣಿನ ಮೂಲೆಗೆ, ಕಿವಿಯ ಸಂದಿಗೆ, ಸೂಜಿ ಹೋಗುವಷ್ಟು ಸಣ್ಣ ತೂತು, ಒಂದೊಂದಕ್ಕೆ ಇಪ್ಪತ್ತು. ಅಚ್ಚಿನ ಒಳಗೆ ಟೊಳ್ಳು. ಕೆಳಗಿನ ಪಂಪು ಈ ತೂತುಗಳಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಗಾಳಿ ಹೋದರೆ ಮಾತ್ರ ಬಿಸಿ ಶೀಟು ಅಚ್ಚಿಗೆ ಬಿಗಿಯಾಗಿ ಕೂಡುತ್ತದೆ. ಇದು ಮಾದೇವಿಗೆ ಮೊದಲಿನಿಂದ ಗೊತ್ತು. ಈ ಒಂದು ಸಂಗತಿ ಹಣಮವ್ವನಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಅಪ್ಪ ಚಹಾ ಕುಡಿಯಲು ಹೋದ. ಹಣಮವ್ವ ಕೊಡ ಹಿಡಿದು ನಳಕ್ಕೆ ಹೋದಳು. ಮಹಾಲಿಂಗಪ್ಪ ಬಾಕ್ಸುಗಳಿಗೆ ಚೀಟಿ ಅಂಟಿಸಲು ಕಲಸಿಟ್ಟ ಮೈದಾ ಅಂಟು ಒಂದು ವಾಟಿಯಲ್ಲಿತ್ತು. ಮಾದೇವಿ ಅದರಲ್ಲಿ ಬೆರಳು ಅದ್ದಿದಳು. ಹಣಮವ್ವನ ಅಚ್ಚಿನ ಒಂದು ತೂತು ಮುಚ್ಚಿದಳು. ಬಾಗಿಲ ಕಡೆ ತಿರುಗಿ ನೋಡಿದಳು. ಎರಡನೆಯದನ್ನೂ ಮುಚ್ಚಿದಳು. ಇಪ್ಪತ್ತನೆಯದು ಮುಗಿಯುವ ಹೊತ್ತಿಗೆ ಬಾಗಿಲ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಫ್ರಾಕಿಗೆ ಬೆರಳು ಒರೆಸಿಕೊಂಡು ಅವಳು ಮನೆಗೆ ಓಡಿದಳು.

ಮರುದಿನ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಅಪ್ಪ ಮಷೀನು ಶುರು ಮಾಡಿದ. ಮಾಸ್ತರರು ಹುಡುಗಿಯರಿಬ್ಬರನ್ನೂ ಮಧ್ಯಾಹ್ನದವರೆಗೆ ಬಿಟ್ಟಿದ್ದರು. ಬಿಳಿ ಶೀಟು ಚೌಕಟ್ಟಿನಲ್ಲಿ ಬಿಗಿಯಾಗಿ ಕೂತಿತು. ಮೇಲೆ ಹೀಟರು ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಶೀಟು ಮೆತ್ತಗಾಗಿ ನಡುವೆ ಜೋತುಬಿದ್ದಿತು. ಅಪ್ಪ ಚೌಕಟ್ಟನ್ನು ಅಚ್ಚಿನ ಮೇಲೆ ಎಳೆದು, ಪಂಪಿನ ಹಿಡಿ ತಿರುಗಿಸಿದ.

ಫಸ್ ಎಂದು ಒಂದೇ ಏಟಿಗೆ ಮುಖ ಮೂಡಬೇಕಿತ್ತು. ಮೂಡಲಿಲ್ಲ. ಶೀಟು ಹೆಂಚಿನ ಮೇಲಿನ ರೊಟ್ಟಿಯ ಹಾಗೆ ಅಲ್ಲಲ್ಲಿ ಉಬ್ಬಿತು. ಮೂಗು ಇಲ್ಲ, ಕಿವಿ ಇಲ್ಲ, ಬರೀ ಒಂದು ದಿಬ್ಬ.

ಕಾವು ಸಾಲಲಿಲ್ಲ ಎಂದುಕೊಂಡು ಅಪ್ಪ ಇನ್ನೊಂದು ಶೀಟು ಹಾಕಿದ. ಅದೂ ಹಾಗೆಯೇ ಆಯಿತು. ಮೂರನೆಯದೂ ಕೆಟ್ಟಿತು. ಅಷ್ಟರಲ್ಲಿ ಅರ್ಧ ತಾಸು ಹೋಗಿತ್ತು. ಅಪ್ಪ ಅಚ್ಚನ್ನು ಎತ್ತಿ ಕಿಟಕಿಗೆ ಹಿಡಿದ. ಚುಕ್ಕಿ ಚುಕ್ಕಿ ಬೆಳಕು ಕಾಣಬೇಕಾದ ಕಡೆ ಕತ್ತಲೆ ಇತ್ತು.

“ತೂತು ಮುಚ್ಚ್ಯಾವ,” ಅಂದ ಅಪ್ಪ.

ಮಾದೇವಿ ಬಾಗಿಲ ಕಡೆ ಒಂದು ಹೆಜ್ಜೆ ಸರಿದಳು. ಈಗ ಸಿಕ್ಕಿಬಿದ್ದೆ ಎಂದುಕೊಂಡಳು. ಆದರೆ ಮಾತಾಡಿದ್ದು ಹಣಮವ್ವ.

“ಮಾಮಾ, ನಾನ ಅಚ್ಚಿಗೆ ಸುಣ್ಣಾ ಹಚ್ಚೀನ್ರಿ.” ಅವಳ ಮುಖ ಬಿಳಿಚಿಕೊಂಡಿತ್ತು. “ನಿನ್ನಿ ಕಸಾ ಹೊಡದ ಮ್ಯಾಲ ಹಚ್ಚಿದ್ನಿ. ಧೂಳ ಕೂತಿತ್ತ, ಬೆಳ್ಳಗ ಕಾಣಲಿ ಅಂತ. ಅದ ಹೋಗಿ ತೂತಿನ್ಯಾಗ ಕೂತೈತಿ.”

ಮಾದೇವಿಗೆ ಏನೂ ತಿಳಿಯದಾಯಿತು. ತಾನು ತುಂಬಿದ ಅಂಟಿನ ಮೇಲೆ ಈ ಹುಚ್ಚಿ ಸುಣ್ಣ ಬಳಿದಿದ್ದಾಳೆ. ಈಗ ತಪ್ಪೆಲ್ಲ ತನ್ನದೇ ಎಂದು ನಂಬಿ ನಿಂತಿದ್ದಾಳೆ.

ಅಪ್ಪ ಬೈಯಲಿಲ್ಲ. ಹೋಗಲಿ ಬಿಡು, ತೂತು ಬಿಡಿಸುತ್ತ ಕೂತರೆ ಪಾಳಿ ಮುಗಿದು ಹೋಗುತ್ತದೆ ಎಂದು ಹಣಮವ್ವನ ತಲೆ ಸವರಿ, ಮಾದೇವಿಯ ಅಚ್ಚನ್ನು ಮಷೀನಿಗೆ ಇಟ್ಟ.

ಮಾದೇವಿಯ ಕುರಿ ಮೊದಲ ಏಟಿಗೇ ಮೂಡಿತು. ದುಂಡಗೆ, ನಗುನಗುತ್ತ. ಒಂದು, ಎರಡು, ಐದು, ಹತ್ತು. ಅಪ್ಪ ಒಂದನ್ನು ತನ್ನ ಮುಖಕ್ಕೆ ಹಿಡಿದುಕೊಂಡು, “ಚಲೋ ಬಂದೈತಿ ಬೇ, ಮಾದೇವಿ,” ಅಂದ.

ಈ ಮಾತಿಗಾಗಿ ಅವಳು ಜೂನ್ ತಿಂಗಳಿನಿಂದ ಕಾದಿದ್ದಳು. ಈಗ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಹಣಮವ್ವ ಮೂಲೆಯಲ್ಲಿ ಕೂತು ಮಾದೇವಿಯ ಕುರಿಗಳ ಅಂಚನ್ನೂ ಕಣ್ಣುಗಳನ್ನೂ ಕತ್ತರಿಯಿಂದ ನೀಟಾಗಿ ಕತ್ತರಿಸುತ್ತಿದ್ದಳು. ಒಂದೂ ಸೊಟ್ಟ ಆಗದ ಹಾಗೆ. ಆಗಾಗ ಮೂಗು ಒರೆಸಿಕೊಳ್ಳುತ್ತಿದ್ದಳು. ಮಾದೇವಿ ಹತ್ತಿರ ಹೋದಾಗ ತಲೆ ಎತ್ತದೆ ಕೇಳಿದಳು.

“ಮಾದೇವಿ, ಮಾಮಾ ನನ್ನ ವಾಪಸ್ ಕಳಸ್ತಾನೇನ?”

“ಯಾಕ?”

“ಮೂರು ಶೀಟ ಕೆಡಿಸಿದ್ನಲ್ಲಾ. ಅಲ್ಲಿ ಮಲಗಾಕೂ ಜಾಗಾ ಇಲ್ಲ. ಅವ್ವ ಹೇಳಿ ಕಳಿಸ್ಯಾಳ, ಮಾಮಾಗ ತ್ರಾಸ ಕೊಡಬ್ಯಾಡ ಅಂತ.”

ಇವಳು ತನ್ನ ಊರಿಗೆ ಹೋದರೆ ಸಾಕು ಎಂದು ಮಾದೇವಿ ಎಷ್ಟು ಸಲ ಅಂದುಕೊಂಡಿರಲಿಲ್ಲ! ಆದರೆ ಹೋಗಲು ಊರೇ ಇಲ್ಲ, ಕುರಿಯೂ ಇಲ್ಲ ಎಂಬುದು ಅವಳ ತಲೆಗೆ ಬಂದೇ ಇರಲಿಲ್ಲ. ಹಣಮವ್ವ ಅಪ್ಪನ ಜೊತೆ ಅಷ್ಟೊಂದು ಕುರಿಯ ಮಾತಾಡುತ್ತಿದ್ದದ್ದು ಯಾಕೆ ಎಂದು ಈಗ ಹೊಳೆಯಿತು. ಆ ಮಾತು ಬೇರೆ ಯಾರ ಹತ್ತಿರ ಆಡಬೇಕು ಅವಳು?

ಮಾದೇವಿ ಚೀಲ ಹೊಲಿಯುವ ದಬ್ಬಣ ಹುಡುಕಿ ತಂದಳು. ಹಣಮವ್ವನ ಅಚ್ಚನ್ನು ತೊಡೆಯ ಮೇಲೆ ಇಟ್ಟುಕೊಂಡು ಶೆಡ್ಡಿನ ಹಿಂದೆ ಕೂತಳು. ಅಂಟು ಒಣಗಿ ಕಲ್ಲಾಗಿತ್ತು. ಒಂದೊಂದು ತೂತಿಗೂ ಹತ್ತು ಸಲ ಚುಚ್ಚಬೇಕು. ಎರಡು ಸಲ ದಬ್ಬಣ ಬೆರಳಿಗೇ ಹೊಕ್ಕಿತು. ಇಪ್ಪತ್ತೂ ತೂತುಗಳಲ್ಲಿ ಬೆಳಕು ಕಂಡಾಗ ಹನ್ನೆರಡು ಹೊಡೆದಿತ್ತು. ಒಳಗೆ ಹದಿಮೂರು ಮುಖವಾಡ ಮುಗಿದಿದ್ದವು. ಮಹಾಲಿಂಗಪ್ಪ ತನ್ನ ಟ್ರೇ ಅಚ್ಚು ಹೊತ್ತು ಮಷೀನಿನ ಮುಂದೆ ಬಂದಿದ್ದ.

ಆ ಶೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ಇನ್ನೊಬ್ಬರ ಪಾಳಿಯಲ್ಲಿ ಯಾರಾದರೂ ಮಷೀನು ಕೇಳಿದರೆ ಕಾರಣವನ್ನು ಎಲ್ಲರ ಮುಂದೆ, ಎಲ್ಲರಿಗೂ ಕೇಳುವಂತೆ ಹೇಳಬೇಕು. ಕಿವಿಯಲ್ಲಿ ಹೇಳಿದರೆ ನಡೆಯುವುದಿಲ್ಲ.

“ಕಾಕಾ, ಒಂದು ಶೀಟಿಗಷ್ಟ ಮಷೀನ ಕೊಡ್ರಿ,” ಅಂದಳು ಮಾದೇವಿ.

ಹದಿಮೂರು ಆದವಲ್ಲ, ಇನ್ನೇನು ಕಾರಣ ಎಂದು ಮಹಾಲಿಂಗಪ್ಪ ಕೇಳಿದ.

ಅಪ್ಪ ನೋಡುತ್ತಿದ್ದ. ಹಣಮವ್ವ ಕತ್ತರಿ ಹಿಡಿದುಕೊಂಡು ನೋಡುತ್ತಿದ್ದಳು. ಇನ್ನಿಬ್ಬರು ಪಾಲುದಾರರೂ ಕೆಲಸ ಬಿಟ್ಟು ತಿರುಗಿದರು. ಸುಣ್ಣದ ಮೇಲೆ ಹಾಕಿ ಪಾರಾಗಬಹುದಿತ್ತು. ಒಂದೇ ಮಾತು ಸಾಕಿತ್ತು.

“ಹಣಮವ್ವನ ಅಚ್ಚಿನ ತೂತು ಸುಣ್ಣಾದಿಂದ ಮುಚ್ಚಿಲ್ರಿ. ನಾನ ಮೈದಾ ಅಂಟು ತುಂಬಿದ್ನಿ. ಆಕಿದು ಆಗಬಾರದು ಅಂತ. ನನಗ ಹೊಟ್ಟಿಕಿಚ್ಚ ಆಗಿತ್ತ.”

ಕೊನೆಯ ಮಾತು ಹೇಳುತ್ತ ಅಚ್ಚನ್ನು ಮುಂದೆ ಚಾಚಿದಳು. ಮಹಾಲಿಂಗಪ್ಪ ಅಪ್ಪನ ಮುಖ ನೋಡಿದ, ಆಮೇಲೆ ಒಂದು ಬೆರಳು ಎತ್ತಿ ತೋರಿಸಿ ಪಕ್ಕಕ್ಕೆ ಸರಿದ.

ಅಪ್ಪ ಒಂದು ಶೀಟು ಕಾಸಿ ಎಳೆದ, ಹಣಮವ್ವನ ಕುರಿ ಮೂಡಿತು. ಉಬ್ಬಿದ ಮೂಗು, ಜೋಲು ಕಿವಿ, ಕಿವಿಯಲ್ಲಿ ಕಚ್ಚು. ಮಹಾಲಿಂಗಪ್ಪ ಇದು ಈಗ ಬ್ಯಾ ಎಂದು ಒದರುತ್ತದೆ ನೋಡು ಅಂದ. ಹಣಮವ್ವ ಅದನ್ನು ಎದೆಗೆ ಅವಚಿಕೊಂಡು ಹೊರಗೆ ಹೋದಳು. ಮಾದೇವಿಯ ಕಡೆ ನೋಡಲಿಲ್ಲ.

ಅಪ್ಪ ಬೈಯುತ್ತಾನೆ ಎಂದು ಮಾದೇವಿ ಕಾದಳು. ಬೈದಿದ್ದರೆ ಒಂದಿಷ್ಟು ಅತ್ತು ಹಗುರಾಗಬಹುದಿತ್ತು. ಅಪ್ಪ ಅವಳ ಬೆರಳಿನ ರಕ್ತ ನೋಡಿ ಅರಿಶಿನ ಹಚ್ಚಿಕೋ ಅಂದು ಮುಖವಾಡಗಳನ್ನು ಚೀಲಕ್ಕೆ ತುಂಬತೊಡಗಿದ. ಹಣಮವ್ವ ಬುಧವಾರವೂ ಮಾತಾಡಲಿಲ್ಲ, ಗುರುವಾರವೂ ಮಾತಾಡಲಿಲ್ಲ. ಪಕ್ಕದಲ್ಲೇ ಕೂತು ಉಂಡಳು, ಪಕ್ಕದಲ್ಲೇ ಶಾಲೆಗೆ ನಡೆದಳು, ತುಟಿ ಮಾತ್ರ ಬಿಚ್ಚಲಿಲ್ಲ. ನಿಜ ಹೇಳಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದಳು ಮಾದೇವಿ. ಹಾಗೇನೂ ಆಗಲಿಲ್ಲ.

ಶುಕ್ರವಾರ ಸಂಜೆ ನಾಲ್ಕಕ್ಕೆ ಶಾಲೆಯ ಅಂಗಳ ತುಂಬಿತ್ತು. ಲಗಮಣ್ಣ ಮಾಸ್ತರರು ಹಣಮವ್ವನ ಮುಖವಾಡ ನೋಡಿದ್ದೇ ತಡ, ಅವಳನ್ನು ಹಿಂಡಿನ ಮುಂದಿನ ಕುರಿ ಮಾಡಿದರು. ಅವಳ ಹಿಂದೆ ಮಾದೇವಿ, ಮಾದೇವಿಯ ಹಿಂದೆ ಉಳಿದ ಹನ್ನೊಂದು. ಎಲ್ಲರೂ ಮುಂದಿನವರ ಹೆಗಲ ಮೇಲೆ ಕೈ ಇಟ್ಟು ಸ್ಟೇಜು ಹತ್ತಬೇಕು.

ಮುಖವಾಡ ಕಟ್ಟಿಕೊಂಡ ಮೇಲೆ ಹಣಮವ್ವ ಮೆಟ್ಟಿಲ ಬಳಿ ತಡೆದು ನಿಂತಳು. ಒಂದು ಹೆಜ್ಜೆ ಇಟ್ಟು ಮತ್ತೆ ಹಿಂದೆ ಸರಿದಳು. ನಿಜವಾದ ಕುರಿಗೆ ಕಣ್ಣು ಮುಖದ ಎರಡು ಮಗ್ಗುಲಿಗೆ ಇರುತ್ತವೆ. ಅವಳು ಹಾಗೆಯೇ ಮಾಡಿದ್ದಳು. ಒಳಗಿನಿಂದ ನೋಡಿದರೆ ಎರಡು ಕಡೆಯ ಗೋಡೆ ಕಾಣುತ್ತಿತ್ತು, ಮುಂದಿನ ದಾರಿ ಕಾಣುತ್ತಿರಲಿಲ್ಲ. ಮಾದೇವಿಯ ಪುಸ್ತಕದ ಕುರಿಗೆ ಕಣ್ಣು ಎದುರಿಗೇ ಇದ್ದವು. ಅವಳಿಗೆ ಎಲ್ಲ ಕಾಣುತ್ತಿತ್ತು.

“ಮಾದೇವಿ,” ಎರಡು ದಿನದ ಮೇಲೆ ಹಣಮವ್ವ ಮೊದಲ ಸಲ ಮಾತಾಡಿದಳು. “ನನಗ ಮುಂದ ಏನೂ ಕಾಣವಲ್ಲದು.”

“ನಾ ಹೇಳತೇನಿ. ಕಾಲ ಎತ್ತು, ಮೂರು ಮೆಟ್ಟಲ ಅದಾವ.”

ಮುಂದಿನ ಕುರಿ ಸ್ಟೇಜಿಗೆ ಬಂದದ್ದೇ ಜನ ಹೋ ಎಂದು ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಅಪ್ಪ ಕುರ್ಚಿಯ ತುದಿಗೆ ಬಂದು ಕೂತಿದ್ದ. ಅವನ ಕಣ್ಣು ಹಣಮವ್ವನ ಕುರಿಯ ಮೇಲೆಯೇ ಇತ್ತು. ಹಿಂದಿನ ಹನ್ನೆರಡು ನಗುವ ಕುರಿಗಳ ಕಡೆ ಅವನು ಇನ್ನೂ ನೋಡಿರಲಿಲ್ಲ.

ಮಾದೇವಿಯ ಹೊಟ್ಟೆಯೊಳಗೆ ಮತ್ತೆ ಚುರ್ ಎಂದಿತು. ಅದು ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಇತ್ತು. ಅವಳಿಗೆ ಆಶ್ಚರ್ಯವಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ಆದರೆ ಎದುರಿಗೆ ಸ್ಟೇಜಿನ ಅಂಚು ಬರುತ್ತಿತ್ತು. ಇನ್ನು ಎರಡೇ ಹೆಜ್ಜೆ. ಹಣಮವ್ವನಿಗೆ ಅದು ಗೊತ್ತಿರಲಿಲ್ಲ. ಅವಳು ಹಿಂದಿನ ಕೈಯನ್ನು ನಂಬಿ ನೇರ ನಡೆಯುತ್ತಿದ್ದಳು.

ಮಾದೇವಿ ಅವಳ ಹೆಗಲನ್ನು ಗಟ್ಟಿಯಾಗಿ ಹಿಡಿದಳು.

“ಬಲಕ್ಕ ಹೊಳ್ಳು,” ಅಂದಳು ಮೆಲ್ಲಗೆ.

ಯಾಕೆ ಎಂದು ಕೇಳದೆ ಹಣಮವ್ವ ಬಲಕ್ಕೆ ಹೊರಳಿದಳು.