ಎದುರು ಕೂತು ಕಲಿತ ಕ್ರೋಶಾ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಚೂಡಾಮಣಿಯ ತಾಯಿ ಶಾಂತಾದೇವಿ ಹೇಳಿದ್ದು ಒಂದೇ ಸುಳ್ಳು. ಎಪ್ಪತ್ತೆಂಟನೇ ಇಸವಿ. ಗಿರಿನಗರದ ಜಯದೇವಿಯವರು ಮಗನಿಗೆ ಹೆಣ್ಣು ಹುಡುಕುತ್ತಾ ಮೊದಲು ತಾವೊಬ್ಬರೇ ಜಯನಗರದ ಆ ಮನೆಗೆ ಬಂದಿದ್ದರು. ರೇಡಿಯೋಗೆ ಹೊದಿಸಿದ್ದ ಕ್ರೋಶಾ ಕವರನ್ನು ಮುಟ್ಟಿ ಮುಟ್ಟಿ ಮೆಚ್ಚಿದರು.

"ನಮ್ಮ ಚೂಡಾನೇ ಹಾಕಿದ್ದು" ಎಂದುಬಿಟ್ಟರು ಶಾಂತಾದೇವಿ.

"ಹೌದಾ? ಭಾನುವಾರ ಹುಡುಗನ್ನ ಕರ್ಕೊಂಡ್ ಬರ್ತೀನಿ. ನನ್ನೆದುರಿಗೆ ಒಂದು ಹೂವು ಹಾಕಿ ತೋರಿಸ್ಲಿ."

ಕವರು ಹಾಕಿದ್ದವರು ಪಕ್ಕದ ಮನೆಯ ಕಾತ್ಯಾಯಿನಿ ಆಂಟಿ. ಈಗ ಅವರ ಬೆರಳು ಮಡಚುತ್ತಿರಲಿಲ್ಲ. ಅಮ್ಮ ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಿಕೊಡುತ್ತಾ ಕೆಲಸ ಕಲಿತಿದ್ದವನು ಮಗ ಬದರಿನಾಥ. ಎರಡು ವರ್ಷದಿಂದ ಚೂಡಾಮಣಿ ಯಾರ ಸೈಕಲ್ ಬೆಲ್ಲು ಕೇಳಿ ಕಿಟಕಿಗೆ ಓಡುತ್ತಿದ್ದಳೋ, ಅವನೇ. ಬೇರೊಬ್ಬನ ಮನೆ ಸೇರಲು ಅವನ ಹತ್ತಿರವೇ ಪಾಠ. ಹಣೆಬರಹಕ್ಕೆ ಹೊಣೆ ಯಾರು?

"ಇದೂ ತಪ್ಪಿದ್ರೆ ಇವಳಿಗೆ ಗತಿಯಿಲ್ಲ, ಬದರಿ" ಎಂದು ಶಾಂತಾದೇವಿ ಅವನ ಮುಂದೆ ಅತ್ತಿದ್ದರು.

ಸಂಜೆ ಆಂಟಿಯ ಮನೆ ವರಾಂಡದಲ್ಲಿ ಟೀಪಾಯಿಯ ಈಚೆ ಅವಳು, ಆಚೆ ಅವನು. ವಯಸ್ಸಿಗೆ ಬಂದವರು ಪಕ್ಕಪಕ್ಕ ಕೂರುವಂತಿರಲಿಲ್ಲ. ಆಂಟಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾವಲಿರುತ್ತಿದ್ದರು.

"ಮೊದಲು ಗಂಟು. ಬಿಗೀಬೇಡಿ, ಜಾರೋ ಹಾಗಿರ್ಲಿ. ಈಗ ಕಡ್ಡಿಗೆ ದಾರ ಸುತ್ತಿ ಕುಣಿಕೆಯೊಳಗಿಂದ ಎಳೀರಿ. ಇದು ಚೈನು. ಯಾಕೆ ನಿಲ್ಲಿಸಿದ್ರಿ?"

"ಬರದೇ ಹೋದ್ರೆ?"

"ಬರುತ್ತೆ. ನಾನು ಬರಿಸ್ತೀನಿ."

ಅವಳಿಗೆ ಅಳು ಬಂತು. ಮಹಾರಾಯ, ಬರಿಸಬೇಡ, ಹೋಗಬೇಡ ಅಂತ ಒಂದು ಮಾತು ಹೇಳು ಎಂದು ಒಳಗೊಳಗೇ ಅಂಗಲಾಚಿದಳು. ಅವನು ಹೇಳಲಿಲ್ಲ. ಚೈನಿನ ಮೇಲೆ ಕಂಬ ಎಬ್ಬಿಸುವುದನ್ನು ಕಲಿಸಿದ, ಕಂಬ ಸೇರಿಸಿ ಎಸಳು ಮಾಡುವುದನ್ನು ಕಲಿಸಿದ. ಅವಳು ತಲೆಯೆತ್ತಿದರೆ ಅವನು ದಾರ ನೋಡುತ್ತಿದ್ದ. ಅವಳು ದಾರ ನೋಡಿದರೆ ಅವನ ಕಣ್ಣು ತನ್ನ ಮೇಲಿರುವುದು ಕೆನ್ನೆಗೆ ತಿಳಿಯುತ್ತಿತ್ತು.

ಶನಿವಾರ ಹೂವು ಪೂರ್ತಿಯಾಯಿತು.

"ನಾಳೆ ಗೆಲ್ತೀರಿ" ಎಂದ.

"ಅಷ್ಟೇನಾ?"

"ಅಷ್ಟೇ."

ಮನೆಗೆ ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಇದಕ್ಕಿಂತ ಸಾಯುವುದೇ ವಾಸಿ ಎನಿಸಿತು.

ಭಾನುವಾರ ಕೇಸರಿಬಾತು, ಉಪ್ಪಿಟ್ಟು ಮುಗಿದ ಮೇಲೆ ಚೂಡಾಮಣಿ ಕಡ್ಡಿ ಹಿಡಿದಳು. ಒಂದೊಂದೇ ಎಸಳು ಬಂತು. ಶಾಂತಾದೇವಿ ಸಮಾಧಾನದ ಉಸಿರು ಬಿಟ್ಟರು. ಜಯದೇವಿ ಮಾತ್ರ ಹೂವು ನೋಡದೆ ಕೈ ನೋಡುತ್ತಿದ್ದರು.

"ನೀನು ಎಡಚೀನಾ?"

"ಇಲ್ಲ."

"ಮತ್ತೆ ಕಡ್ಡಿ ಎಡಗೈಲಿ? ಆ ಕವರು ಬಲಗೈಯೋರು ಹಾಕಿದ್ದು, ಸುತ್ತು ನೋಡಿದ್ರೆ ಗೊತ್ತಾಗುತ್ತೆ. ಯಾರಮ್ಮ ನಿನಗೆ ಹೇಳ್ಕೊಟ್ಟಿದ್ದು?"

ಚೂಡಾಮಣಿ ತನ್ನ ಕೈ ನೋಡಿಕೊಂಡಳು. ಎದುರು ಕೂತವನ ಬಲಗೈ ಅವಳಿಗೆ ಕಂಡದ್ದು ಎಡಗಡೆ. ಕನ್ನಡಿ ನೋಡಿದ ಹಾಗೆ ಅವನನ್ನು ನೋಡಿ ಕಲಿತಿದ್ದಳು. ಸುಳ್ಳು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು.

"ಪಕ್ಕದ್ಮನೆ ಬದರಿನಾಥ ಅವರು. ಎದುರಿಗೆ ಕೂತು. ಆ ಕವರು ಅವರ ತಾಯಿ ಹಾಕಿದ್ದು."

ಜಯದೇವಿ ಕಾಫಿ ಲೋಟ ಕೆಳಗಿಟ್ಟು ಮಗನಿಗೆ ಏಳು ಎಂದರು. ಅವರ ಆಟೋ ಬೀದಿ ತಿರುಗುವಷ್ಟರಲ್ಲಿ ಶಾಂತಾದೇವಿ ಗೋಳಾಡುತ್ತಿದ್ದರು, ಚೂಡಾಮಣಿ ಪಕ್ಕದ ಮನೆಯ ಗೇಟು ದಾಟಿದ್ದಳು. ಕಡ್ಡಿ, ದಾರದುಂಡೆ ಇನ್ನೂ ಕೈಯಲ್ಲೇ ಇದ್ದವು.

"ಸಂಬಂಧ ತಪ್ಪಿಹೋಯ್ತು. ಎಡಗೈಲಿ ಕಲ್ತಿದ್ದೆ. ನೀವು ನೋಡ್ಲೇ ಇಲ್ವಾ?"

ವರಾಂಡದಲ್ಲಿ ಕೂತಿದ್ದ ಬದರಿನಾಥನ ಮುಖ ಬಿಳಿಚಿಕೊಂಡಿತು. "ಮೊದಲ ದಿನಾನೇ ನೋಡಿದೆ."

"ಮತ್ಯಾಕೆ ತಿದ್ದಲಿಲ್ಲ?"

"ತಿದ್ದಬೇಕಾದ್ರೆ ಪಕ್ಕಕ್ಕೆ ಬಂದು ನಿಮ್ಮ ಕೈ ಹಿಡೀಬೇಕಾಗಿತ್ತು." ಅವನು ಮೊದಲ ಸಲ ಅವಳನ್ನು ನೇರವಾಗಿ ನೋಡಿದ. "ಹಿಡಿದಿದ್ರೆ ಬಿಡೋಕಾಗ್ತಿರ್ಲಿಲ್ಲ, ಚೂಡಾ."

ಬಾಗಿಲಲ್ಲಿದ್ದ ಕಾತ್ಯಾಯಿನಿ ಆಂಟಿ ಎದ್ದು ಬಂದು, ಮಡಚಲಾರದ ಕೈಯಿಂದಲೇ ಟೀಪಾಯಿಯನ್ನು ಗೋಡೆಗೆ ತಳ್ಳಿ ಒಳಗೆ ಹೋದರು.

ಚೂಡಾಮಣಿ ಅವನ ಪಕ್ಕದಲ್ಲಿ ಕೂತು ಕಡ್ಡಿಯನ್ನು ಬಲಗೈಗೆ ಬದಲಾಯಿಸಿಕೊಂಡಳು.

"ಹಿಡೀರಿ. ಈ ಕೈಗೆ ಇನ್ನೂ ಗಂಟು ಹಾಕೋಕೂ ಬರಲ್ಲ."