ಬೀಗದಕೈ ಇಟ್ಟ ಜಾಗ

ಫೆಬ್ರವರಿ ಹದಿಮೂರು, ಗುರುವಾರ. ಬೆಳಿಗ್ಗೆ ಒಂಬತ್ತೂವರೆಗೆ ಕುಂಭಾಶಿಯ ಉಮಾವತಿ ಠಾಣೆಗೆ ಬಂದಾಗ ಕೈಯಲ್ಲೊಂದು ಮಾತ್ರೆ ಡಬ್ಬಿಯಿತ್ತು.

“ನಮ್ ಅತ್ತೆಗೆ ಕ್ಯಾನ್ಸರ್ ಮೇಡಂ. ಎರಡ್ ದಿನದಿಂದ ಮಾತ್ರಿ ಕೊಟ್ರೂ ನೋವ್ ಕಮ್ಮಿ ಆತಿಲ್ಲೆ. ಹೊದಿಕೆ ಕಚ್ಕಂಡ್ ಕೂಗ್ತ್ರ್.”

ಜತೆಗಿದ್ದ ನರ್ಸ್ ಚೇತನಾ ಡಬ್ಬಿ ತೆರೆದು ತೋರಿಸಿದಳು. ಮಾರ್ಫಿನ್ ಇರಬೇಕಾದಲ್ಲಿ ಕ್ಯಾಲ್ಸಿಯಂ ಮಾತ್ರೆಗಳಿದ್ದವು. ಸಬ್ ಇನ್ಸ್‌ಪೆಕ್ಟರ್ ಕ್ಷಮಾ ಡಬ್ಬಿಯನ್ನು ಕೈಗೆತ್ತಿಕೊಂಡು ನೋಡಿದಳು. ಹನ್ನೆರಡು ವರ್ಷದ ನೌಕರಿಯಲ್ಲಿ ಎಂತೆಂಥ ಕಳ್ಳರನ್ನು ಕಂಡಿದ್ದಳು, ಇಂಥವನನ್ನಲ್ಲ. ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಕುಷ್ಟನೊಂದಿಗೆ ಹೊರಟಳು.

ಮನೆಯ ಬೀಗ ಮುರಿದಿರಲಿಲ್ಲ.

“ಬೀಗದಕೈ ಎಲ್ಲ್ ಇಡ್ತ್ರಿ?” ಕುಷ್ಟ ಕೇಳಿದ.

“ಹೊರ್ಗಿನ್ ಬಚ್ಚಲ್ ಹಂಡಿ ಹಿಂದ್. ಗ್ರೂಪಿನವ್ರಿಗೆಲ್ಲ ಗೊತ್ತಿತ್ತ್.”

ಹಾಸಿಗೆ ಹಿಡಿದವರ ಮನೆಗೆ ಹೋಗಿ ನೋಡಿಕೊಳ್ಳುವ ಹದಿನಾರು ಸ್ವಯಂಸೇವಕರ ಚಾಟ್ ಗ್ರೂಪ್ ಅದು. ಅದರೊಳಗೇ ಎಲ್ಲರಿಗೂ ಸೇರಿದ ಒಂದು ಪಟ್ಟಿಯಿತ್ತು: ರೋಗಿಯ ಹೆಸರು, ಮಾತ್ರೆ ಎಷ್ಟು ಉಳಿದಿದೆ, ಮನೆಯವರು ಎಷ್ಟು ಹೊತ್ತಿಗೆ ಇರುವುದಿಲ್ಲ, ಬೀಗದಕೈ ಎಲ್ಲಿದೆ. ಒಬ್ಬರು ತಿದ್ದಿದರೆ ಆ ಕ್ಷಣವೇ ಹದಿನಾರು ಫೋನಿನಲ್ಲೂ ಬದಲಾಗುತ್ತಿತ್ತು. ಒಳ್ಳೆಯ ಮನಸ್ಸಿನಿಂದ ಬರೆದಿಟ್ಟ ಒಂದೊಂದು ಸಾಲೂ ಕಳ್ಳನಿಗೆ ದಾರಿ ತೋರಿಸುವಂತಿತ್ತು.

ಹಳೆಯ ತಿದ್ದುಪಡಿಗಳೂ ಪಟ್ಟಿಯಲ್ಲಿ ಉಳಿದಿದ್ದವು. ಮಂಗಳವಾರ ಬೆಳಿಗ್ಗೆ 10:12ಕ್ಕೆ ಯಾರೋ ಉಮಾವತಿಯ ಮನೆಯ ಹನ್ನೊಂದರ ಭೇಟಿಯನ್ನು ಎರಡು ಗಂಟೆಗೆ ಮುಂದೂಡಿದ್ದರು. ಅಷ್ಟು ಹೊತ್ತು ಉಮಾವತಿಯೂ ಇರಲಿಲ್ಲ; ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಒಬ್ಬರೇ. ತಿದ್ದಿದ ಹೆಸರು ಚೇತನಾಳದ್ದು.

“ನಾನಲ್ಲ ಮೇಡಂ. ಆಗ ನಾನ್ ಡಾಕ್ಟ್ರ್ ಜತಿ ಕೊಕ್ಕರ್ಣೆಯಗಿದ್ದೆ.” ಡಾಕ್ಟರೂ ಹಾಗೆಯೇ ಹೇಳಿದರು.

“ನಿಮ್ಮ ಖಾತೆ ಬೇರೆಲ್ಲಾದರೂ ತೆರೆದಿದೆಯೇ?”

ಚೇತನಾ ಹೇಳಿದಳು: “ಬ್ರಹ್ಮಾವರದ ನಮ್ ಗ್ರೂಪಿನ ಆಫೀಸ್ ಕಂಪ್ಯೂಟರಲ್ಲಿ.”

ಕಚೇರಿಯ ಪಕ್ಕದ ಜೆರಾಕ್ಸ್ ಅಂಗಡಿಯ ರೋಷನ್‌ನನ್ನು ಕ್ಷಮಾ ವಿಚಾರಿಸಿದಳು.

“ಮಂಗಳವಾರ ಬಾಗಿಲು ತೆಗೆದವರು ಯಾರು?”

“ಸೆಕ್ರೆಟರಿ ಹೃಷಿಕೇಶಣ್ಣ. ಒಬ್ರೇ ಇದ್ದಿದ್ರ್. ಹತ್ತೂವರಿಗೆ ಬೈಕ್ ಹತ್ತಿ ಹೋದ್ರ್.”

ಕುಷ್ಟ ಚೇತನಾಳ ಫೋನಿನಲ್ಲಿ ಗ್ರೂಪಿನ ಹಳೆಯ ಸಂದೇಶಗಳನ್ನು ತೆಗೆದು ಕ್ಷಮಾಳ ಕೈಗೆ ಕೊಟ್ಟ. ಹೀಗೆಯೇ ಭೇಟಿ ಮುಂದೂಡಿದ್ದ ಮನೆಗಳು ಇನ್ನೂ ನಾಲ್ಕು. ಆ ಮನೆಗಳ ರೋಗಿಗಳಲ್ಲಿ ಮೂವರು ತೀರಿಕೊಂಡಿದ್ದರು. ಮೂರೂ ಸಲ ಮೊದಲು ‘ಓಂ ಶಾಂತಿ’ ಹಾಕಿದವನು ಹೃಷಿಕೇಶ.

“ಥೂ,” ಎಂದ ಕುಷ್ಟ. ಕ್ಷಮಾ ಫೋನನ್ನು ಅವನ ಕೈಗೆ ಹಿಂತಿರುಗಿಸಿದಳು. ಅದನ್ನು ಹಿಡಿದುಕೊಳ್ಳಲೂ ಹೇಸಿಗೆಯಾಗಿತ್ತು.

ಸಂಜೆ 4:40ಕ್ಕೆ ಇಬ್ಬರು ಪಂಚರ ಸಮಕ್ಷಮ ಹೃಷಿಕೇಶನ ಮನೆ ಶೋಧಿಸಿದರು. ಕಪಾಟಿನ ಚಹಾಪುಡಿ ಡಬ್ಬಿಯಲ್ಲಿ ಮೂವತ್ತೆಂಟು ಮಾರ್ಫಿನ್ ಮಾತ್ರೆಗಳು ಸಿಕ್ಕವು. ಮಾತ್ರೆಗಳನ್ನು ಮೊಹರು ಮಾಡಿ, ಪಂಚನಾಮೆ ಬರೆದು, ಅವನನ್ನು ಬಂಧಿಸಿದರು.

“ಯಾರಿಗೆ ಮಾರುತ್ತಿದ್ದೆ?”

“ಮಾರ್ಲಿಲ್ಲ. ನಾನೇ ತಿಂದದ್ದ್. ಲಾರಿ ಬಡ್ದ್ ಸೊಂಟ ಮುರ್ದ್ ಎರಡ್ ವರ್ಷಾಯ್ತ್. ಡಾಕ್ಟ್ರ್ ಮಾತ್ರಿ ನಿಲ್ಸಿದ್ರ್, ನೋವ್ ನಿಲ್ಲಲಿಲ್ಲ.”

“ಅವರಿಗೂ ನೋವಿತ್ತಲ್ಲ?”

“ಅವ್ರ್ ಹೆಂಗೂ ಸಾಯುವರೇ ಅಲ್ದಾ ಮೇಡಂ? ನಾನ್ ಬದ್ಕಕಲ್ದಾ?”

ಕ್ಷಮಾ ಆ ಮಾತನ್ನು ಹೇಳಿಕೆಯಲ್ಲಿ ಹಾಗೆಯೇ ಬರೆದುಕೊಂಡಳು. ಜೀಪು ಹತ್ತುವಾಗ ಅವನು ಸೊಂಟ ಹಿಡಿದು ಮುಲುಗಿದ. ಆ ನೋವು ನಟನೆಯಲ್ಲ ಎಂದು ಅವಳಿಗೆ ಗೊತ್ತಾಯಿತು. ಆದರೂ ಕೈ ಕೊಟ್ಟು ಹತ್ತಿಸಲು ಅವಳಿಗೆ ಮನಸ್ಸಾಗಲಿಲ್ಲ.