ಎರವಲು ತಂದ ತೃಪ್ತಿ

ಒಂದೂವರೆ ರೊಟ್ಟಿ ಮುಗಿಯುತ್ತಲೂ ಸ್ಫೂರ್ತಿಯ ಕೈ ತಟ್ಟೆಯ ಮೇಲೇ ನಿಂತುಬಿಟ್ಟಿತು. ಎಣ್ಣೆಗಾಯಿ ಇನ್ನೂ ಬಿಸಿಯಾಗಿತ್ತು, ಶೇಂಗಾ ಚಟ್ನಿಗೆ ಕೆನೆಮೊಸರು ಬಿದ್ದಿತ್ತು, ಬುಟ್ಟಿಯಲ್ಲಿ ಏಳು ರೊಟ್ಟಿ ಉಳಿದಿದ್ದವು. ಆದರೂ ಕೈ ಮುಂದೆ ಹೋಗಲಿಲ್ಲ. ನಲವತ್ತೇಳು ವರ್ಷದ ಆಯುಷ್ಯದಲ್ಲಿ ನಾಲ್ಕು ರೊಟ್ಟಿಗೆ ಮೊದಲು ಎದ್ದ ಹೆಂಗಸಲ್ಲ ಆಕೆ. ಕಿವಿಯ ಕೆಳಗೆ ಅಂಟಿಸಿಕೊಂಡಿದ್ದ ಹೆಬ್ಬೆರಳಗಲದ ಪಟ್ಟಿ ತುಸು ಬೆಚ್ಚಗಾಗಿ ಮತ್ತೆ ತಣ್ಣಗಾಯಿತು.

“ಸಾಕಾತು,” ಎಂದಳು, ತನಗೇ ನಂಬಿಕೆ ಬಾರದವಳಂತೆ.

ಎದುರಿಗೆ ಕೂತಿದ್ದ ಡಾ. ಇಂಚರಾ ಹೊಂಬಳ ಕೈಯಲ್ಲಿದ್ದ ಟ್ಯಾಬಿನ ತೆರೆಯಿಂದ ತಲೆಯೆತ್ತಿದಳು. “ಹೊಟ್ಟಿ ತುಂಬಿದಂಗ ಆಗ್ತದೇನ್ರಿ?”

“ಏನೋ ಒಂದ್ ಆಗ್ತದ್ರಿ ಮೇಡಂ. ಮುಂದ ಕೈ ಹೋಗವಲ್ದು.”

ಇಂಚರಾ ‘ಹೊಟ್ಟೆ ತುಂಬಿದೆ’ ಎಂದು ಬರೆದುಕೊಂಡಳು. ಸ್ಫೂರ್ತಿ ಹಾಗೆ ಹೇಳಿರಲಿಲ್ಲ. ಆದರೆ ಸಂತೋಷದಲ್ಲಿರುವ ವಿಜ್ಞಾನಿಗಳು ತಮಗೆ ಬೇಕಾದದ್ದನ್ನೇ ಕೇಳಿಸಿಕೊಳ್ಳುತ್ತಾರೆ, ನಮ್ಮ ನಿಮ್ಮಂತೆಯೇ.

ಇದು 2059ನೆಯ ಇಸವಿಯ ಮಾತು. ಹುಬ್ಬಳ್ಳಿಯ ನೀಲಾಂಬಿಕಾ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಯಂತ್ರ ಇರಲಿಲ್ಲ. ಊರಿನಲ್ಲಿ ಯಂತ್ರಗಳಿಗೆ ಬರವಿತ್ತೆಂದಲ್ಲ, ಕೈರೊಟ್ಟಿಯ ಸಪ್ಪಳ ಕೇಳದೆ ಇಲ್ಲಿಯ ಗಿರಾಕಿಗಳಿಗೆ ತುತ್ತು ಇಳಿಯುತ್ತಿರಲಿಲ್ಲ. ಆ ಸಪ್ಪಳ ಇಪ್ಪತ್ತೈದು ವರ್ಷಗಳಿಂದ ಸ್ಫೂರ್ತಿಯದು. ಈಗ ಅವಳ ಮಂಡಿಗಳು ಕೈಕೊಟ್ಟಿದ್ದವು. ಒಲೆಯ ಮುಂದೆ ಕೂತರೆ ಏಳಲಾಗುತ್ತಿರಲಿಲ್ಲ, ಎದ್ದರೆ ಕೂರಲಾಗುತ್ತಿರಲಿಲ್ಲ. ಹನ್ನೆರಡು ಕಿಲೋ ಇಳಿಯದೆ ಮಂಡಿಗೆ ಕತ್ತರಿ ಹಾಕುವುದಿಲ್ಲ ಎಂದು ಮೂಳೆ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಖಾನಾವಳಿ ನಡೆಸುವ ಗಂಡ ವಿನಾಯಕ ಇನ್ನೊಂದು ಮಾತು ಸೇರಿಸಿದ್ದ: “ದೀಪಾವಳಿ ಮಟಾ ನೋಡೂಣು. ಆಗಲಿಲ್ಲಂದ್ರ ಒಲಿ ಮುಂದ ಸಂಜನಾ ಕುಂದರ್ಲಿ.”

ಸಂಜನಾ ಎಂದರೆ ಮೈದುನನ ಹೆಂಡತಿ, ಸ್ಫೂರ್ತಿಯ ನೆಗೆಣ್ಣಿ. ನಲವತ್ತಮೂರು ವರ್ಷ, ಎರಡು ಮಕ್ಕಳು. ಆದರೂ ಮದುವೆಯಲ್ಲಿ ಹೊಲಿಸಿದ ಕುಪ್ಪಸ ಇವತ್ತಿಗೂ ಅವಳಿಗೆ ಸರಿಯಾಗಿ ಕೂರುತ್ತಿತ್ತು. ಕೈಯಲ್ಲಿ ನಾಲ್ಕು ತಟ್ಟೆ ಹಿಡಿದು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತಿರಲಿಲ್ಲ. ಗಿರಾಕಿಗಳು ಅವಳನ್ನು ತೆಳ್ಳನೆಯ ವೈನಿ, ಎಂದರೆ ಅತ್ತಿಗೆ, ಎನ್ನುತ್ತಿದ್ದರು. ಹಾಗಾದರೆ ತಾನು ಯಾವ ವೈನಿ ಎಂಬುದನ್ನು ಸ್ಫೂರ್ತಿ ಯಾರನ್ನೂ ಕೇಳಬೇಕಾಗಿರಲಿಲ್ಲ.

ಸ್ಫೂರ್ತಿಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ? ಸಂಜನಾ ಹೋಳಿಗೆ ಬೇಡವೆನ್ನುವುದಿಲ್ಲ, ಮಿರ್ಚಿ ಬೇಡವೆನ್ನುವುದಿಲ್ಲ, ಎಲ್ಲವನ್ನೂ ತಿನ್ನುತ್ತಾಳೆ, ಯಾವುದೂ ಮೈಗೆ ಹತ್ತುವುದಿಲ್ಲ. ತಾನು ಬರೀ ವಾಸನೆ ಕುಡಿದರೂ ಸೊಂಟಕ್ಕೆ ಕೂರುತ್ತದೆ. ಇದೆಂಥ ನ್ಯಾಯ ಎಂದು ದೇವರ ಕೋಣೆಯಲ್ಲೂ ಅವಳು ಕೇಳಿದ್ದುಂಟು.

ಆಸ್ಪತ್ರೆಯ ಆಹಾರತಜ್ಞೆ ಮೊದಲು ಒಂದು ಪಥ್ಯದ ಚೀಟಿ ಕೊಟ್ಟಿದ್ದಳು. ಎಣ್ಣೆ ಬೇಡ, ಶೇಂಗಾ ಬೇಡ, ಬೆಲ್ಲ ಬೇಡ, ಅನ್ನ ಬೇಡ, ಸಂಜೆ ಆರರ ನಂತರ ನೀರು ಬಿಟ್ಟು ಏನೂ ಬೇಡ. ಬೇಯಿಸಿದ ತರಕಾರಿ ಇನ್ನೂರು ಗ್ರಾಂ, ತೂಗಿಯೇ ತಿನ್ನಬೇಕು. ದಿನಕ್ಕೆ ಹದಿನಾಲ್ಕು ಬಗೆ ಮಾಡಿ ರುಚಿ ನೋಡಿಯೇ ಹೊರಗೆ ಕಳಿಸುವ ಖಾನಾವಳಿಯ ಹೆಂಗಸಿಗೆ ಬರೆದುಕೊಟ್ಟ ಚೀಟಿ ಇದು! ಆದರೂ ಸ್ಫೂರ್ತಿ ಹತ್ತೊಂಬತ್ತು ದಿನ ಹಲ್ಲು ಕಚ್ಚಿ ನಡೆಸಿದಳು. ಇಪ್ಪತ್ತನೆಯ ದಿನ ಉಗ್ರಾಣದ ಬಾಗಿಲು ಮುಂದೆ ಮಾಡಿ, ನಿಂತಲ್ಲೇ ನಾಲ್ಕು ಹೋಳಿಗೆ ತಿಂದಳು. ಆಮೇಲೆ ಅಲ್ಲೇ ಜೋಳದ ಚೀಲದ ಮೇಲೆ ಕೂತು ಅತ್ತಳು.

ಆಗ ಸಿಕ್ಕವಳು ಇಂಚರಾ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಆರು ವರ್ಷ ಕೂತು ಅವಳು ಕಂಡುಹಿಡಿದಿದ್ದೇ ಕಿವಿಯ ಕೆಳಗೆ ಅಂಟಿಸುವ ಈ ಪಟ್ಟಿ. ನಮ್ಮ ಹೊಟ್ಟೆಯಿಂದ ಮಿದುಳಿಗೆ ಒಂದು ಉದ್ದನೆಯ ನರ ಹೋಗುತ್ತದೆ. ಮೈಯೊಳಗೆ ಊರೆಲ್ಲ ಸುತ್ತುವುದರಿಂದ ಅದಕ್ಕೆ ಅಲೆಮಾರಿ ನರ ಎನ್ನುತ್ತಾರೆ. ಹೊಟ್ಟೆ ಹಿಗ್ಗಿದಾಗ ಸುದ್ದಿ ಅದರ ಮೂಲಕ ಮೇಲೆ ಹೋಗುತ್ತದೆ, ಮಿದುಳು ಸಾಕು ಎನ್ನುತ್ತದೆ. ಇಂಚರಾಳ ಪಟ್ಟಿ ಕುತ್ತಿಗೆಯ ಮೇಲಿಂದಲೇ ಆ ಸಂಜ್ಞೆಯನ್ನು ಓದಿ ಬರೆದಿಟ್ಟುಕೊಳ್ಳುತ್ತಿತ್ತು. ಮಿತವಾಗಿ ಉಣ್ಣುವ ಒಬ್ಬರ ಸಾಕನ್ನು ಬರೆದುಕೊಂಡು, ಮಿತಿ ತಪ್ಪಿದ ಇನ್ನೊಬ್ಬರ ನರದಲ್ಲಿ ಅದನ್ನೇ ನುಡಿಸುವುದು ಅವಳ ಉಪಾಯ. ಜನ ಅದನ್ನು ಸಾಕುಪಟ್ಟಿ ಎಂದು ಕರೆದರು.

ಇಂಚರಾಳ ಬಳಿ ಮುನ್ನೂರ ನಲವತ್ತು ಜನ ದಾನಿಗಳ ಸಾಕು ಇತ್ತು. ಓಟಗಾರರು, ಶಿಕ್ಷಕಿಯರು, ಕಾರವಾರದ ಒಬ್ಬ ಮೀನುಗಾರ. ಯಾರದು ಬೇಕೋ ಆರಿಸಿಕೊಳ್ಳಿ ಎಂದಳು.

“ಇವ್ರು ಯಾರೂ ಬ್ಯಾಡ್ರಿ ನಂಗ,” ಎಂದಿದ್ದಳು ಸ್ಫೂರ್ತಿ. “ನನ್ನ ನೆಗೆಣ್ಣಿದು ಕೊಡಸ್ರಿ.”

ಬೇರೆಯವರ ಸಾಕಿನಿಂದ ಅವಳಿಗೆ ತೃಪ್ತಿಯಾಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಕಣ್ಣೆದುರು ಓಡಾಡಿ ಉರಿಸಿದ್ದು ಆ ಸೊಂಟ. ಅದರ ಗುಟ್ಟೇ ಅವಳಿಗೆ ಬೇಕಾಗಿತ್ತು. ಸಂಜನಾ ಕೇಳಿದ ಕೂಡಲೇ ಒಪ್ಪಿದಳು. “ತೊಗೊ ಅಕ್ಕಾ, ಅದರಾಗೇನದ,” ಎಂದಳು. ಇಪ್ಪತ್ತೊಂದು ದಿನ ಪಟ್ಟಿ ಹಚ್ಚಿಕೊಂಡೇ ಓಡಾಡಿದಳು.

ಮೂರು ತಿಂಗಳಲ್ಲಿ ಸ್ಫೂರ್ತಿ ಒಂಬತ್ತು ಕಿಲೋ ಇಳಿದಳು. ಚೀಟಿ ಇಲ್ಲ, ತಕ್ಕಡಿ ಇಲ್ಲ. ಒಂದೂವರೆ ರೊಟ್ಟಿಗೆ ಕೈ ತಾನಾಗಿ ನಿಲ್ಲುತ್ತಿತ್ತು. ಗಿರಾಕಿಗಳು ವೈನಿ ಇಳಿದಾರ ಎಂದು ಹೊಗಳಿದಾಗ ಅವಳು ಸಂಜನಾ ಇರುವ ಕಡೆ ಒಂದು ಸಲ ನೋಡಿಯೇ ಒಳಗೆ ಹೋಗುತ್ತಿದ್ದಳು.

ಆದರೆ ಸಾಕಿನ ಜೊತೆಗೆ ಇನ್ನೇನೋ ಬರುತ್ತಿತ್ತು. ಎದೆಯಲ್ಲಿ ಒಂದು ಅಳುಕು. ಕಣ್ಣು ತಾನಾಗಿ ಬುಟ್ಟಿಯತ್ತ ಹೋಗಿ ರೊಟ್ಟಿ ಎಣಿಸುವುದು. ಒಂದು ದಿನ ಉಣ್ಣುತ್ತ ಉಣ್ಣುತ್ತ ತನ್ನ ಎಡಗೈ ಬುಟ್ಟಿಯ ಮೇಲೆ ಬಟ್ಟೆ ಮುಚ್ಚುತ್ತಿರುವುದನ್ನು ಕಂಡು ಬೆಚ್ಚಿದಳು. ಹಾಗೆ ಮುಚ್ಚುವುದು ಸಂಜನಾಳ ರೂಢಿ.

ಸಂಬಂಧಿಕರ ಮದುವೆಯಲ್ಲಿ ವಿಷಯ ಬಯಲಾಯಿತು. ಹೋಳಿಗೆಯನ್ನು ಅಟ್ಟಿ ಅಟ್ಟಿಯಾಗಿ ಪೇರಿಸಿಟ್ಟಿದ್ದರು. ಸ್ಫೂರ್ತಿ ಒಂದು ಹಾಕಿಸಿಕೊಂಡು ಅರ್ಧ ತಿಂದಳು. ಪಟ್ಟಿ ಬೆಚ್ಚಗಾಯಿತು, ಎದೆ ಅಳುಕಿತು. ಬಡಿಸುವವನನ್ನು ತಡೆದು, “ತಮ್ಮಾ, ಇನ್ನೂ ಎಷ್ಟ್ ಮಂದಿದು ಊಟ ಆಗಬೇಕು?” ಎಂದು ಕೇಳಿದಳು.

ಅವನು ನಕ್ಕ. “ಸಾವಿರ ಮಂದಿಗೆ ಆಗೂವಷ್ಟ ಮಾಡೀವ್ರಿ ಅವ್ವಾರ. ನೀವ್ ಉಣ್ರಿ ಸುಮ್ನ.”

ಸ್ಫೂರ್ತಿ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಧಾರವಾಡಕ್ಕೆ ಹೋದಳು.

“ಇದು ಹೊಟ್ಟಿ ತುಂಬಿದ್ದಲ್ರಿ ಮೇಡಂ,” ಎಂದಳು. “ಹೊಟ್ಟಿ ತುಂಬಿದ್ರ ಹೆಂಗಿರ್ತದ ಅಂತ ನನಗಿಂತಾ ಚೊಲೋ ಯಾರಿಗ್ ಗೊತ್ರಿ? ಇದು ಅಂಜಿಕಿ.”

ಇಂಚರಾ ಮೊದಲು ನಕ್ಕಳು. ಆಮೇಲೆ ಸಂಜನಾಳ ದಾಖಲೆ ತೆರೆದು ನೋಡಿದಳು. ನೋಡುತ್ತ ನೋಡುತ್ತ ಅವಳ ನಗು ಇಳಿಯಿತು. ಅಲೆಮಾರಿ ನರದಲ್ಲಿ ಸುದ್ದಿ ಎರಡೂ ದಿಕ್ಕಿಗೆ ಓಡುತ್ತದೆ. ಬಹುಪಾಲು ಹೊಟ್ಟೆಯಿಂದ ಮೇಲೆ ಹೋಗುತ್ತದೆ, ಸ್ವಲ್ಪ ಭಾಗ ಮಿದುಳಿನಿಂದ ಕೆಳಗೆ ಅಪ್ಪಣೆಯಾಗಿ ಬರುತ್ತದೆ. ಉಣ್ಣುವವರ ಕೈ ನಿಂತ ಗಳಿಗೆಯನ್ನು ಸಾಕು ಎಂದು ಬರೆದುಕೋ ಎಂದು ಅವಳು ಪಟ್ಟಿಗೆ ಕಲಿಸಿದ್ದಳು. ಕೈ ಯಾಕೆ ನಿಂತಿತು ಎಂದು ಕೇಳಲು ಕಲಿಸಿರಲಿಲ್ಲ. ಈಗ ಮೇಲೆ ಹೋಗುವುದಕ್ಕೆ ನೀಲಿ, ಕೆಳಗೆ ಬರುವುದಕ್ಕೆ ಕೆಂಪು ಬಣ್ಣ ಕೊಟ್ಟು ಮತ್ತೆ ಗೆರೆ ಎಳೆಸಿದಳು. ತೆರೆ ತುಂಬ ಕೆಂಪು.

“ಇಪ್ಪತ್ತೊಂದು ದಿನ, ನಲವತ್ತೆರಡು ಊಟ,” ಎಂದಳು ನಿಧಾನಕ್ಕೆ. “ಅದರಾಗ ನಾಲ್ಕು ಊಟದಾಗಷ್ಟ ಅವರ ಹೊಟ್ಟಿ ಸಾಕು ಅಂದದ. ಉಳಿದ ಮೂವತ್ತೆಂಟರಾಗ ಹೊಟ್ಟಿ ಬೇಕು ಅಂತನ ಐತ್ರಿ. ಮ್ಯಾಲ ಮಿದುಳಿನಿಂದ ಅವರ ತಡದಾರ.”

“ಆ ನಾಲ್ಕು ಯಾವ ದಿವಸದ್ದು?”

“ಜೂನ್ ಹದಿನಾಲ್ಕು, ಹದಿನೈದು.”

ಸ್ಫೂರ್ತಿ ಬೆರಳು ಮಡಚಿ ಲೆಕ್ಕ ಹಾಕಿದಳು. ಜೂನ್ ಹದಿನಾಲ್ಕು, ಹದಿನೈದರಂದು ಅವಳ ತಮ್ಮನ ಮನೆಯ ಗೃಹಪ್ರವೇಶವಿತ್ತು. ಆ ಎರಡು ದಿನ ಅವಳು ಗದಗಿನಲ್ಲಿದ್ದಳು.

ಅಂದೇ ಮಧ್ಯಾಹ್ನ ಮೂರೂವರೆಗೆ, ಖಾನಾವಳಿಯಲ್ಲಿ ಗಿರಾಕಿಗಳೆಲ್ಲ ಹೋಗಿ ಬಾಗಿಲು ಮುಂದೆ ಮಾಡಿದ ಮೇಲೆ, ಅವಳು ಸಂಜನಾಳನ್ನು ಕರೆದು ಕೂರಿಸಿದಳು. ಇಂಚರಾ ಹೇಳಿದ್ದನ್ನೆಲ್ಲ ಹೇಳಿ, “ಯಾಕ?” ಎಂದಳು.

ಸಂಜನಾ ನೆಲ ನೋಡುತ್ತಲೇ ಹೇಳಿದಳು: “ಹೊಸದಾಗಿ ಬಂದಾಗ ಅತ್ತಿ ಹೇಳಿದ್ರು, ದೊಡ್ಡಕಿ ಉಂಡ ಮ್ಯಾಲ ನೀ ಉಣ್ಣು ಅಂತ. ನೀ ಉಂಡು ಎದ್ದ ಮ್ಯಾಲ ಬುಟ್ಟ್ಯಾಗ ಒಂದೂವರಿ ರೊಟ್ಟಿ ಇರ್ತಿತ್ತು. ಒಮ್ಮೊಮ್ಮೆ ಒಂದು.”

“ಮತ್ತೆರಡು ಬಡಕೋಬೇಕಿತ್ತಲ್ಲ?”

“ಒಲಿ ನಿಂದು. ನೀ ಆರಿಸಿ ಎದ್ದಿರ್ತಿದ್ದಿ.”

“ಅತ್ತಿ ಹೋಗಿ ಹನ್ನೊಂದು ವರ್ಷ ಆತಲ್ಲವಾ. ಈಗ ಬುಟ್ಟಿ ತುಂಬಿರ್ತದ.”

“ಅತ್ತಿ ಹೋದ್ರು, ರೂಢಿ ಹೋಗಲಿಲ್ಲ. ನೀ ಇದ್ರ ಕೈ ತಾನ ನಿಲ್ತದ. ನಾ ಏನ್ ಮಾಡ್ಲಿ?”

“ನಂಗ ಹೇಳಬಾರದಾಗಿತ್ತೇನ?”

“ಏನಂತ ಹೇಳ್ಲಿ? ಮಂದಿ ಎಲ್ಲಾ ತೆಳ್ಳಗದಾಳ, ಚಂದದಾಳ ಅಂತಿದ್ರು. ನೀನೂ ನನ್ನ ಸೊಂಟ ನೋಡ್ತಿದ್ದಿ. ಅದ ಒಂದರಾಗ ನಿನಗಿಂತ ನಾ ಮ್ಯಾಲಿದ್ನಕ್ಕಾ, ಅದನ್ನೂ ಬಿಟ್ಟುಕೊಡ್ಲಿ ಏನು?” ಸಂಜನಾ ಈಗ ನೇರವಾಗಿ ನೋಡಿದಳು. “ನೀ ಉಣ್ಣೂವಾಗ ಯಾರ ಮಾರೀನೂ ನೋಡೂದಿಲ್ಲ. ತುತ್ತು ಕಲಸ್ತಿ, ಕಣ್ ಮುಚ್ತಿ, ನುಂಗ್ತಿ. ಅದನ್ನ ನೋಡಿದ್ರ ನಂಗ ಹೊಟ್ಟಿ ಉರೀತಿತ್ತು. ಇವತ್ತಿಗೂ ಉರೀತದ.”

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ಒಂದೇ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದವರಿಗೂ ಎದುರಿನ ಬೆಟ್ಟ ಅಷ್ಟು ದೂರವಿರಬಹುದೆಂದು ಸ್ಫೂರ್ತಿ ಎಣಿಸಿರಲಿಲ್ಲ.

ಪಟ್ಟಿಯನ್ನು ಅವಳು ಅಂದೇ ಕಿತ್ತೆಸೆದಳು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಇನ್ನು ಮೂರೇ ಕಿಲೋ ಉಳಿದಿತ್ತು, ದೀಪಾವಳಿಗೆ ಐದು ವಾರವಿತ್ತು, ಕಳೆದುಕೊಳ್ಳಬೇಕಾದದ್ದು ಒಲೆ. ಅಂಜಿಕೆಯೋ ಗಿಂಜಿಕೆಯೋ, ಪಟ್ಟಿ ಕೆಲಸ ಮಾಡುತ್ತಿತ್ತಲ್ಲ. ಇನ್ನೂ ಎರಡು ದಿನ ಹಚ್ಚಿಕೊಂಡಳು. ಎರಡೂ ದಿನ ಒಂದೂವರೆ ರೊಟ್ಟಿಗೆ ಕೈ ನಿಂತಾಗ, ಇದು ಸಂಜನಾಳ ಯಾವ ವರ್ಷದ ಊಟ ಎಂದು ಅವಳ ಮನಸ್ಸು ಲೆಕ್ಕ ಹಾಕುತ್ತಿತ್ತು. ಮೂರನೆಯ ದಿನ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. ಪಟ್ಟಿಯನ್ನು ಬಿಚ್ಚಿ ತಟ್ಟೆಯ ಅಂಚಿಗಿಟ್ಟು, ಎದ್ದು ಹೋಗಿ ಇಂಚರಾಳಿಗೆ ಫೋನ್ ಮಾಡಿದಳು.

“ಇನ್ನ್ ಮ್ಯಾಲ ಯಾರ ಸಾಕು ಹಾಕ್ತೀರಿ ನಂಗ?” ಎಂದು ಕೇಳಿದಳು.

“ನಿಮ್ದ,” ಎಂದಳು ಇಂಚರಾ. “ನಿಮ್ಮ ಹೊಟ್ಟಿನೂ ಸಾಕು ಅಂತದ್ರಿ. ನೀವು ಅದರ ಮಾತು ಕೇಳೂದಿಲ್ಲ ಅಷ್ಟ. ರುಚಿ ನೋಡೂದಂತ ಅರ್ಧ ಊಟ ನಿಂತ ತಿಂತೀರಿ. ಉಳಿದದ್ದು ಚೆಲ್ಲಬಾರದಂತ ಇನ್ನರ್ಧ. ಹೊಟ್ಟಿ ಸುದ್ದಿ ಮ್ಯಾಲ ಮುಟ್ಟಾಕ ಇಪ್ಪತ್ತು ನಿಮಿಷಾದ್ರೂ ಬೇಕು. ಅಷ್ಟೊತ್ತು ಕೂತು ಉಂಡಿದ್ದು ಯಾವಾಗ್ರಿ ನೀವು?”

ಸ್ಫೂರ್ತಿ ಫೋನ್ ಇಟ್ಟು, ಬಿಟ್ಟುಬಂದ ತಟ್ಟೆಯ ಮುಂದೆ ಮತ್ತೆ ಹೋಗಿ ಕೂತಳು.

ಆ ದೀಪಾವಳಿಗೆ ಅವಳು ಎರಡು ಕಿಲೋ ಮತ್ತೆ ಏರಿದ್ದಳು. ಒಲೆ ಸಂಜನಾಳಿಗೆ ಹೋಯಿತು. ವಿನಾಯಕನಿಗೆ ಮಾತು ಕೊಟ್ಟಾಗಿತ್ತು, ಸ್ಫೂರ್ತಿ ತಾನೇ ಅವಳನ್ನು ಕೈಹಿಡಿದು ಮಣೆಯ ಮೇಲೆ ಕೂರಿಸಿದಳು. ಆಮೇಲೆ ಒಳಗೆ ಹೋಗಿ ಕಾಯಿಪಲ್ಯೆ ಹೆಚ್ಚುತ್ತ, ಇನ್ನೊಬ್ಬಳ ಕೈಯ ರೊಟ್ಟಿಯ ಸಪ್ಪಳ ಕೇಳುತ್ತ ಉರಿದಳು. ಅಸೂಯೆ ಒಂದು ಒಳ್ಳೆಯ ಕೆಲಸ ಮಾಡಿದ ಮಾತ್ರಕ್ಕೆ ಮನೆ ಬಿಟ್ಟು ಹೋಗುವ ಅತಿಥಿಯಲ್ಲ.

ಆದರೆ ಮೂರೂವರೆಯ ಊಟ ಬದಲಾಯಿತು. ಸೌಟಿನಲ್ಲಿ ನೋಡುತ್ತಿದ್ದ ರುಚಿ ಚಮಚಕ್ಕೆ ಇಳಿಯಿತು. ಎರಡು ರೊಟ್ಟಿ, ಹೆಸರುಕಾಳಿನ ಪಲ್ಯೆ, ಮೆಂತ್ಯೆಸೊಪ್ಪಿನ ಪಚಡಿ, ಅದೇ ಎಣ್ಣೆಗಾಯಿ, ಹಬ್ಬವಿದ್ದರೆ ಒಂದು ಹೋಳಿಗೆ. ಯಾವುದಕ್ಕೂ ಬೇಡ ಎನ್ನಬೇಕಾಗಿರಲಿಲ್ಲ, ಕೂತು ಉಣ್ಣಬೇಕಾಗಿತ್ತು. ನೆಗೆಣ್ಣಿಯರಿಬ್ಬರೂ ಒಂದೇ ಹೊತ್ತಿಗೆ ಕೂತರು. ತಿಂಗಳಿಗೆ ಒಂದು ಕಿಲೋ, ಕೆಲವು ತಿಂಗಳು ಅದೂ ಇಲ್ಲ. ಮುಂದಿನ ಶ್ರಾವಣದ ಹೊತ್ತಿಗೆ ಸ್ಫೂರ್ತಿ ಒಟ್ಟು ಹನ್ನೊಂದು ಕಿಲೋ ಇಳಿದಿದ್ದಳು. ಮಂಡಿಯ ಕತ್ತರಿಗೆ ಇನ್ನೊಂದೇ ಕಿಲೋ ಬಾಕಿ, ಈ ಸಲ ಇಳಿದದ್ದು ಮತ್ತೆ ಏರಲಿಲ್ಲ.

ಇಂಚರಾ ತನ್ನ ಮುನ್ನೂರ ನಲವತ್ತು ದಾನಿಗಳಿಗೂ ಎರಡು ಬಣ್ಣ ಹಚ್ಚಿ ನೋಡಿದಳು. ನೂರ ಹದಿನೆಂಟು ಜನರ ಸಾಕು ಕೆಂಪಾಗಿತ್ತು. ಬಹಳಷ್ಟು ಹೆಂಗಸರು. ಮಿತಾಹಾರಕ್ಕೆ ಮಾದರಿ ಎಂದು ಅವಳೇ ಆರಿಸಿದ್ದವರು. ಆ ದಾಖಲೆಗಳನ್ನು ತೆಗೆದುಹಾಕಿ, ದಾನಿಗಳ ಅರ್ಜಿಯಲ್ಲಿ ಮೊದಲನೆಯ ಪ್ರಶ್ನೆಯಾಗಿ ಒಂದು ಸಾಲು ಸೇರಿಸಿದಳು: ನಿಮ್ಮ ಮನೆಯಲ್ಲಿ ಕಡೆಗೆ ಉಣ್ಣುವವರು ಯಾರು? ಇದನ್ನು ಕೇಳಲು ಪಟ್ಟಿ ಬೇಕಿರಲಿಲ್ಲ, 2059ರವರೆಗೆ ಕಾಯಬೇಕಾಗಿಯೂ ಇರಲಿಲ್ಲ. ಯಾವ ಮನೆಯಲ್ಲಾದರೂ, ಯಾವ ಹೊತ್ತಿನ ಊಟದಲ್ಲಾದರೂ ಕೇಳಬಹುದಾಗಿತ್ತು.

ಹೊಸ ಅರ್ಜಿಯನ್ನು ತೋರಿಸಲು ಅವಳು ಒಂದು ಮಧ್ಯಾಹ್ನ ಖಾನಾವಳಿಗೆ ಬಂದಳು. ಮೂವರೂ ಊಟಕ್ಕೆ ಕೂತರು. ಸಂಜನಾ ಆ ವರ್ಷ ನಾಲ್ಕು ಕಿಲೋ ಏರಿದ್ದಳು. ವೈನಿ ಮಾರಿಗೆ ಕಳೆ ಬಂತು ಎಂದು ಗಿರಾಕಿಗಳು ಅವಳನ್ನೇ ಹೊಗಳುತ್ತಿದ್ದರು. “ಏರಿದ್ರೂ ಇಕಿನ್ನ ಹೊಗಳ್ತಾರ ನೋಡ್ರಿ ಮೇಡಂ,” ಎಂದಳು ಸ್ಫೂರ್ತಿ. ಅದು ಪೂರ್ತಿ ತಮಾಷೆಯಾಗಿರಲಿಲ್ಲ.

ಎರಡನೆಯ ರೊಟ್ಟಿ ಮುಗಿದಾಗ ಸ್ಫೂರ್ತಿ ಬುಟ್ಟಿಗೆ ಕೈ ಹಾಕಿ ಸಂಜನಾಳ ತಟ್ಟೆಯತ್ತ ಬಾಗಿದಳು. ಸಂಜನಾ ತಟ್ಟೆಗೆ ಅಂಗೈ ಅಡ್ಡ ಹಿಡಿದಳು.

“ಸಾಕಕ್ಕಾ.”

ಸ್ಫೂರ್ತಿ ರೊಟ್ಟಿ ಹಿಡಿದ ಕೈ ಹಿಂದೆಗೆಯಲಿಲ್ಲ. “ಖರೇ ಸಾಕೋ, ಸುಳ್ಳ ಸಾಕೋ?”

ಸಂಜನಾ ತನ್ನ ಅಂಗೈಯನ್ನೇ ನೋಡಿದಳು. ಆಮೇಲೆ ಅದನ್ನು ತೆಗೆದಳು.

“ಅರ್ಧ ಹಾಕು.”